ಕಾರಿನ ರಿಮೋಟ್ ಕೀಗೆ ಮನೆಯಲ್ಲೇ ಸೆಲ್ ಹಾಕಿ. ಹಳೆಯ ಸೆಲ್ ಮೇಲೆ ಮಾತ್ರ ಕಣ್ಣಿಡಿ

ತುಡಿಯಲೂರು: ಬೆಳಗ್ಗೆ ಏಳಕ್ಕೆ ಮುಹೂರ್ತ. ಮನೆಮಂದಿಯೆಲ್ಲ ಸಿಂಗಾರಗೊಂಡು ಕಾರಿನ ಸುತ್ತ ನಿಂತಿದ್ದಾರೆ. ಯಜಮಾನರು ಜೇಬಿನಿಂದ ರಿಮೋಟ್ ತೆಗೆದು ಗುಂಡಿ ಒತ್ತುತ್ತಾರೆ. ಕಾರು ಮಾತಾಡುವುದಿಲ್ಲ. ಮತ್ತೆ ಒತ್ತುತ್ತಾರೆ, ಬಾಗಿಲ ಹತ್ತಿರ ಹೋಗಿ ಒತ್ತುತ್ತಾರೆ, ಕೀಯನ್ನು ಅಂಗೈಗೆ ಬಡಿದು ಒತ್ತುತ್ತಾರೆ. ಊಹ್ಞೂಂ! ‘ನಿನ್ನೆ ಚೆನ್ನಾಗಿತ್ತಲ್ಲ’ ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಕಾರು ಕೊಂಡ ಮೂರು ನಾಲ್ಕು ವರ್ಷದೊಳಗೆ ಇಂಥದೊಂದು ಬೆಳಗು ಹೆಚ್ಚಿನವರಿಗೆ ಬಂದೇ ಬರುತ್ತದೆ. 2011ರಲ್ಲಿ ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿಕೊಂಡ ತುಡಿಯಲೂರಿನಲ್ಲಿದ್ದರೆ ಆಟೊ ಹಿಡಿದು ಮೆಟ್ಟುಪಾಳ್ಯಂ ರಸ್ತೆಯ ಯಾವುದಾದರೂ ಅಂಗಡಿಗೆ ಹೋಗಬಹುದು. ಆದರೆ ಅನ್ನೂರು, ಪುಳಿಯಂಪಟ್ಟಿ, ಸಿರುಮುಗೈ ಕಡೆಯ ಹಳ್ಳಿಯಲ್ಲೋ ತಾಳವಾಡಿಯ ಬೆಟ್ಟದ ಮೇಲೋ ಇದ್ದವರು ಏನು ಮಾಡಬೇಕು?

ಉತ್ತರ ಸುಲಭ. ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ ಸಿಗುವ ಒಂದು ಸೆಲ್, ಐದು ನಿಮಿಷ ಸಮಯ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಈ ಕೆಲಸಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಆದರೆ ಇದರಲ್ಲೊಂದು ಅಪಾಯ ಅಡಗಿದೆ. ಅದು ಕೀಯಲ್ಲಿ ಇಲ್ಲ, ಕೀಯಿಂದ ತೆಗೆದು ಮೇಜಿನ ಮೇಲಿಟ್ಟು ಮರೆತುಬಿಡುವ ಹಳೆಯ ಸೆಲ್‌ನಲ್ಲಿದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಲೇಖನದ ಕೊನೆಯ ಭಾಗವನ್ನು ತಪ್ಪದೆ ಓದಿ.

ಮೊದಲೇ ಸುಳಿವು ಕೊಡುತ್ತದೆ

ರಿಮೋಟ್ ಒಮ್ಮೆಲೇ ಸಾಯುವುದು ಕಡಿಮೆ. ಮೊದಲು ಹತ್ತಿಪ್ಪತ್ತು ಅಡಿ ದೂರದಿಂದ ತೆರೆಯುತ್ತಿದ್ದ ಬಾಗಿಲು ಈಗ ಹತ್ತಿರ ಹೋದರೆ ಮಾತ್ರ ತೆರೆಯುತ್ತದೆ. ಒಂದು ಸಲ ಒತ್ತಿದರೆ ಆಗುತ್ತಿದ್ದುದಕ್ಕೆ ಎರಡು ಮೂರು ಸಲ ಒತ್ತಬೇಕಾಗುತ್ತದೆ. ಕೀಯ ಮೇಲಿನ ಪುಟ್ಟ ಕೆಂಪು ದೀಪ ಮಂಕಾಗುತ್ತದೆ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಎದುರಿನ ಪರದೆಯಲ್ಲೇ ‘ಕೀ ಬ್ಯಾಟರಿ ಕಡಿಮೆ’ ಎಂಬ ಸಂದೇಶ ಬರುತ್ತದೆ. ಇದನ್ನು ನೋಡಿಯೂ ‘ನಾಳೆ ನೋಡೋಣ’ ಎಂದವರಿಗೇ ಮದುವೆ ದಿನ ಕೈಕೊಡುವುದು.

ಗುಂಡಿ ಒತ್ತಿದಾಗ ಮಾತ್ರ ಕೆಲಸ ಮಾಡುವ ಸಾದಾ ರಿಮೋಟಿನ ಸೆಲ್ ಹೆಚ್ಚು ಕಾಲ ಬಾಳುತ್ತದೆ. ಜೇಬಿನಲ್ಲಿದ್ದರೆ ಸಾಕು, ತಾನೇ ಬಾಗಿಲು ತೆರೆಯುವ ಸ್ಮಾರ್ಟ್ ಕೀಯ ಸೆಲ್ ಬೇಗ ಸವೆಯುತ್ತದೆ. ಏಕೆಂದರೆ ಅದು ಕಾರಿನ ಕರೆಗಾಗಿ ಹಗಲೂ ರಾತ್ರಿ ಕಿವಿ ತೆರೆದುಕೊಂಡೇ ಇರುತ್ತದೆ. ಕಾರಿನ ಪಕ್ಕದ ಗೋಡೆಯ ಮೊಳೆಗೆ ಕೀ ನೇತುಹಾಕುವುದು, ಟಿವಿ ಅಥವಾ ಲ್ಯಾಪ್‌ಟಾಪ್ ಮೇಲಿಡುವುದು, ಚಾರ್ಜ್ ಆಗುತ್ತಿರುವ ಮೊಬೈಲಿಗೆ ತಾಗಿಸಿಡುವುದು ಇವೆಲ್ಲ ಸೆಲ್‌ನ ಆಯುಷ್ಯ ಕಡಿಮೆ ಮಾಡುತ್ತವೆ.

ಒಂದೇ ಕೀಯಲ್ಲಿ ಮೂರು ಕೀ

ದೂರದಿಂದ ಕಾರಿನ ಬಾಗಿಲು ತೆರೆಯುವ ವ್ಯವಸ್ಥೆ ಮೊದಲು ಬಂದದ್ದು 1982ರಲ್ಲಿ, ಫ್ರಾನ್ಸಿನ ರೆನೊ ಫ್ಯೂಗೊ ಕಾರಿನಲ್ಲಿ. ನಮ್ಮ ಮನೆಯ ಟಿವಿ ರಿಮೋಟಿನಂತೆ ಅದೂ ಇನ್ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುತ್ತಿತ್ತು. ಈಗಿನವು ರೇಡಿಯೊ ಅಲೆಗಳಿಂದ ನಡೆಯುತ್ತವೆ. ಪ್ರತಿ ಸಲ ಒತ್ತಿದಾಗಲೂ ಸಂಕೇತ ಬದಲಾಗುತ್ತದೆ. ಹಾಗಾಗಿ ಕಳ್ಳನೊಬ್ಬ ಒಂದು ಸಲದ ಸಂಕೇತವನ್ನು ಹಿಡಿದಿಟ್ಟುಕೊಂಡು ಮರುದಿನ ಅದನ್ನೇ ಬಿಟ್ಟರೆ ಬಾಗಿಲು ತೆರೆಯುವುದಿಲ್ಲ.

ಸ್ಮಾರ್ಟ್ ಕೀಯ ಒಳಗೆ ಮೂರು ಬೇರೆ ಬೇರೆ ಕೀಗಳಿವೆ ಎಂದು ತಿಳಿದುಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಮೊದಲನೆಯದು ಸೆಲ್‌ನಿಂದ ನಡೆಯುವ ರೇಡಿಯೊ ರಿಮೋಟ್. ಎರಡನೆಯದು ಸೆಲ್ ಬೇಡದ ಒಂದು ಚಿಪ್. ಕಾರಿನೊಳಗಿನ ತಂತಿ ಸುರುಳಿಯ ಹತ್ತಿರ ಹೋದಾಗ ಅಲ್ಲಿಂದಲೇ ವಿದ್ಯುತ್ ಪಡೆದು ‘ನಾನೇ ನಿಜವಾದ ಕೀ’ ಎಂದು ಹೇಳುತ್ತದೆ. ಮೂರನೆಯದು ಕೀಯ ಹೊಟ್ಟೆಯೊಳಗೆ ಅವಿತಿರುವ ಲೋಹದ ಹಳೇ ಕಾಲದ ಬೀಗದ ಕೈ. ಸೆಲ್ ಸತ್ತಾಗ ಸಾಯುವುದು ಮೊದಲನೆಯದು ಮಾತ್ರ. ಉಳಿದೆರಡು ಬದುಕಿಯೇ ಇರುತ್ತವೆ.

ಸೆಲ್ ತೆಗೆದರೆ ಕೀ ಎಲ್ಲವನ್ನೂ ಮರೆತುಬಿಡುತ್ತದೆ, ಮತ್ತೆ ಸರ್ವಿಸ್ ಸೆಂಟರಿನಲ್ಲೇ ‘ಪ್ರೋಗ್ರಾಮ್’ ಮಾಡಿಸಬೇಕು ಎಂದು ಹೆದರುವವರೂ ಇದ್ದಾರೆ. ಬಹುತೇಕ ಕೀಗಳಲ್ಲಿ ಸಂಕೇತ ಉಳಿಯುವುದು ವಿದ್ಯುತ್ ಇಲ್ಲದಿದ್ದರೂ ಅಳಿಯದ ನೆನಪಿನ ಚಿಪ್‌ನಲ್ಲಿ. ಸೆಲ್ ಬದಲಿಸುವುದರಿಂದ ಅದಕ್ಕೇನೂ ಆಗುವುದಿಲ್ಲ.

ಯಾವ ಸೆಲ್ ತರಬೇಕು?

ಅಂಗಡಿಯಲ್ಲಿ ‘ಕಾರ್ ಕೀ ಸೆಲ್ ಕೊಡಿ’ ಎಂದರೆ ಸಾಲದು, ನಂಬರು ಹೇಳಬೇಕು. ನಂಬರು ಹಳೆಯ ಸೆಲ್‌ನ ಅಗಲವಾದ ಮುಖದ ಮೇಲೆಯೇ ಇರುತ್ತದೆ. ಕಾರಿನ ಜತೆ ಕೊಟ್ಟ ಪುಸ್ತಕದಲ್ಲೂ ಇರುತ್ತದೆ. ಹೆಚ್ಚಾಗಿ ಕಾಣಸಿಗುವುದು ಸಿಆರ್ 2032. ಕೆಲವಕ್ಕೆ ಸಿಆರ್ 2025, ಸಿಆರ್ 2016, ಸಿಆರ್ 1632, ಸಿಆರ್ 1620 ಬೇಕಾಗುತ್ತದೆ.

ಈ ನಂಬರಿನಲ್ಲಿ ಗುಟ್ಟೇನೂ ಇಲ್ಲ. ‘ಸಿ’ ಎಂದರೆ ಒಳಗಿರುವುದು ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್. ‘ಆರ್’ ಎಂದರೆ ಗುಂಡಗಿದೆ. 20 ಎಂದರೆ 20 ಮಿಲಿಮೀಟರ್ ಅಗಲ. ಕೊನೆಯ 32 ಎಂದರೆ 3.2 ಮಿಲಿಮೀಟರ್ ದಪ್ಪ. ಅದೇ ರೀತಿ 2025 ಎಂದರೆ 2.5 ಮಿಲಿಮೀಟರ್, 2016 ಎಂದರೆ 1.6 ಮಿಲಿಮೀಟರ್ ದಪ್ಪ. ಎಲ್ಲವೂ 3 ವೋಲ್ಟ್.

ಇಲ್ಲಿ ಮೂರು ತಪ್ಪು ಮಾಡಬೇಡಿ. 2032 ಸಿಗಲಿಲ್ಲ ಎಂದು 2025 ಹಾಕಿದರೆ ಸಡಿಲವಾಗಿ ಕೂತು ಆಗಾಗ ಕೈಕೊಡುತ್ತದೆ. ಎರಡು 2016 ಒಂದರ ಮೇಲೊಂದು ಇಟ್ಟರೆ ದಪ್ಪ ಸರಿಹೋಗುತ್ತದೆ, ಆದರೆ 3 ವೋಲ್ಟ್ ಬದಲು 6 ವೋಲ್ಟ್ ಹರಿದು ಕೀಯ ಸರ್ಕ್ಯೂಟೇ ಸುಟ್ಟುಹೋಗಬಹುದು. ಹೆಸರಿನ ಮೊದಲು ‘ಎಲ್‌ಐಆರ್’ ಎಂದಿರುವುದು ಚಾರ್ಜ್ ಮಾಡುವ ಸೆಲ್, ಅದರ ವೋಲ್ಟೇಜ್ ಹೆಚ್ಚು. ಅದನ್ನೂ ತರಬೇಡಿ. ಸಿಆರ್ ಸೆಲ್ಲನ್ನು ಚಾರ್ಜ್ ಮಾಡಲು ಹೋಗಲೂಬೇಡಿ.

ಸೆಲ್ ಸತ್ತಿದೆಯೋ ಇಲ್ಲವೋ ಎಂಬ ಅನುಮಾನ ಇದ್ದರೆ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವವರ ಬಳಿ ಇರುವ ಮೀಟರಿನಲ್ಲಿ ಅಳೆಸಿ. ಪಂಪ್‌ಸೆಟ್‌ಗೆ ಹೆಸರಾದ ಕೊಯಮತ್ತೂರು ಸೀಮೆಯಲ್ಲಿ ಮೀಟರಿಗೇನು ಬರ? ಹೊಸ ಸೆಲ್ 3 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚು ತೋರಿಸುತ್ತದೆ. 2.8ಕ್ಕಿಂತ ಕೆಳಗಿಳಿದಿದ್ದರೆ ಬದಲಿಸುವುದು ಲೇಸು.

ಸೆಲ್ ಹಾಕುವ ಕ್ರಮ

ಬೇಕಾಗುವ ಸಾಮಾನು ಇಷ್ಟೇ: ಹೊಸ ಸೆಲ್, ಚಪ್ಪಟೆ ತುದಿಯ ಸಣ್ಣ ಸ್ಕ್ರೂಡ್ರೈವರ್, ಸ್ವಲ್ಪ ಇನ್ಸುಲೇಷನ್ ಟೇಪ್, ಒಂದು ಹಲ್ಲುಕಡ್ಡಿ, ಒಂದು ಒಣಬಟ್ಟೆ.

1. ಮೇಜಿನ ಮೇಲೆ ತಿಳಿ ಬಣ್ಣದ ಬಟ್ಟೆ ಹಾಸಿ. ಸಣ್ಣ ಭಾಗಗಳು ಉರುಳಿ ಬಿದ್ದರೆ ಕಾಣಬೇಕು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

2. ಕೀಯ ಬದಿಯಲ್ಲಿ ಅಥವಾ ಹಿಂದೆ ಪುಟ್ಟ ಚಿಲಕ ಇರುತ್ತದೆ. ಅದನ್ನು ಸರಿಸಿ ಲೋಹದ ಕೀ ಹೊರಗೆಳೆಯಿರಿ. ಆ ಜಾಗದಲ್ಲಿಯೇ ಸಾಮಾನ್ಯವಾಗಿ ಒಂದು ಸೀಳು ಕಾಣುತ್ತದೆ. ಮಡಚುವ ಕೀಯಾದರೆ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಕೆಲವಕ್ಕೆ ಒಂದು ಸ್ಕ್ರೂ ಇರುತ್ತದೆ, ಅದನ್ನು ಮೊದಲು ಬಿಚ್ಚಬೇಕು.

3. ಸ್ಕ್ರೂಡ್ರೈವರ್ ತುದಿಗೆ ಒಂದು ಸುತ್ತು ಟೇಪ್ ಸುತ್ತಿ, ಸೀಳಿಗೆ ಹಾಕಿ ಮೆಲ್ಲಗೆ ತಿರುಗಿಸಿ. ‘ಟಕ್’ ಎಂದು ಎರಡು ಹೋಳಾಗುತ್ತದೆ. ತೆಂಗಿನಕಾಯಿ ಸುಲಿಯುವಂತೆ ಬಲ ಹಾಕಬೇಡಿ. ಬರದಿದ್ದರೆ ಜಾಗ ತಪ್ಪಿದೆ ಎಂದರ್ಥ.

4. ಒಳಗೆ ಕಂಡದ್ದನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕೂಡಿಸುದಿನವನು ‘ಪ್ಲಸ್’ ಮೇಲಿತ್ತೋ ಕೆಳಗಿತ್ತೋ ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಅಗಲವಾದ, ಅಕ್ಷರ ಇರುವ ಮುಖವೇ ಪ್ಲಸ್.

5. ಹಳೆಯ ಸೆಲ್ಲನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ. ಲೋಹದ ಸಾಮಾನಿನಿಂದ ಮೀಟಿದರೆ ಸೆಲ್ ಹಿಡಿದಿರುವ ತೆಳು ತಗಡು ಬಾಗಿಬಿಡುತ್ತದೆ. ತೆಗೆದ ತಕ್ಷಣ ಹಳೆಯ ಸೆಲ್‌ನ ಎರಡೂ ಮುಖಕ್ಕೆ ಟೇಪ್ ಅಂಟಿಸಿ, ಎತ್ತರದ ಜಾಗದಲ್ಲಿಡಿ. ಈ ಕೆಲಸವನ್ನು ಆಮೇಲೆ ಮಾಡೋಣ ಎಂದು ಬಿಡಬೇಡಿ.

6. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಎಣ್ಣೆ, ಬೆವರು ಮುಖಕ್ಕೆ ತಾಗಿದರೆ ಒಣಬಟ್ಟೆಯಲ್ಲಿ ಒರೆಸಿ. ಫೋಟೊದಲ್ಲಿರುವಂತೆಯೇ ಕೂರಿಸಿ.

7. ಒಳಗಿನ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆಯೇ ನೋಡಿ, ಎರಡು ಹೋಳು ಸೇರಿಸಿ ಸುತ್ತಲೂ ಒತ್ತಿ. ಎಲ್ಲೂ ಸಂದು ಉಳಿಯಬಾರದು, ಉಳಿದರೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಲೋಹದ ಕೀಯನ್ನು ಮತ್ತೆ ಒಳಗೆ ಹಾಕಲು ಮರೆಯಬೇಡಿ.

8. ಕಾರಿನ ಬಳಿ ಹೋಗಿ ಲಾಕ್, ಅನ್‌ಲಾಕ್, ಡಿಕ್ಕಿ ಗುಂಡಿ ಎಲ್ಲವನ್ನೂ ಒತ್ತಿ ನೋಡಿ. ಇಂಜಿನ್ ಕೂಡ ಒಮ್ಮೆ ಚಾಲೂ ಮಾಡಿ.

ಹಾಕಿದ ಮೇಲೂ ಹಟ ಮಾಡಿದರೆ

ಮೊದಲು ಪ್ಲಸ್ ಮೈನಸ್ ತಿರುಗಾ ಮುರುಗಾ ಆಗಿದೆಯೇ ನೋಡಿ. ಸೆಲ್ ಮೇಲೆ ತೆಳುವಾದ ಪ್ಲಾಸ್ಟಿಕ್ ಸ್ಟಿಕರ್ ಉಳಿದಿದೆಯೇ ನೋಡಿ. ತಗಡು ಬಾಗಿದ್ದರೆ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮೇಲೆತ್ತಿ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಹಳೇ ಮಾಲಾಗಿರಬಹುದು, ಕವರಿನ ಮೇಲಿನ ದಿನಾಂಕ ನೋಡಿ.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಮಕ್ಕಳು ಬಾಯಿಗಿಟ್ಟರೆ ಉಗುಳಿಬಿಡಲಿ ಎಂದು ಕೆಲವು ಕಂಪನಿಗಳು ಸೆಲ್‌ಗೆ ಕಹಿ ಲೇಪನ ಮಾಡುತ್ತಿವೆ. ಒಳ್ಳೆಯ ಕೆಲಸವೇ. ಆದರೆ ಕೆಲವು ಸಾಧನಗಳಲ್ಲಿ ಆ ಲೇಪನ ತಗಡಿಗೆ ಅಡ್ಡ ಬಂದು ಸಂಪರ್ಕ ಸಿಗುವುದಿಲ್ಲ. ಹೊಸ ಸೆಲ್ ಹಾಕಿದರೂ ಕೀ ಸತ್ತಂತಿದ್ದರೆ ಲೇಪನ ಇಲ್ಲದ್ದನ್ನು ಹಾಕಿ ನೋಡಿ.

ಕಾರಿನಿಂದ ದೂರದಲ್ಲಿ ಮಕ್ಕಳು ಗುಂಡಿಯನ್ನು ನೂರಾರು ಸಲ ಒತ್ತಿ ಆಡಿದ್ದರೆ ಕಾರಿಗೂ ಕೀಗೂ ಲೆಕ್ಕ ತಪ್ಪುವುದುಂಟು. ಅದನ್ನು ಸರಿಪಡಿಸುವ ಕ್ರಮ ಕಾರಿನ ಪುಸ್ತಕದಲ್ಲಿರುತ್ತದೆ. ಅದೂ ಆಗದಿದ್ದರೆ ಆಗ ಸರ್ವಿಸ್ ಸೆಂಟರಿಗೆ ಹೋಗಿ.

ದಾರಿಯಲ್ಲಿ ಕೈಕೊಟ್ಟರೆ?

ಬಣ್ಣಾರಿ ಅಮ್ಮನ ದರ್ಶನ ಮುಗಿಸಿ ಚಾಮರಾಜನಗರದ ಕಡೆ ಹೊರಟಿದ್ದೀರಿ ಎಂದುಕೊಳ್ಳಿ. ಮುಂದೆ ದಿಂಬಂ ಘಾಟಿಯ 27 ತಿರುವುಗಳು. ಹುಲಿ ಅಭಯಾರಣ್ಯದ ಈ ದಾರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರ ನಿರ್ಬಂಧ ಜಾರಿಗೆ ಬಂತು. ಆಚೆ ಬಂಡೀಪುರದಲ್ಲಿ 2009ರಿಂದಲೇ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಹಾಕುತ್ತಾರೆ. ಇಂಥ ದಾರಿಯಲ್ಲಿ ಒಂದು ಗಂಟೆ ತಡವಾದರೆ ಒಂದು ರಾತ್ರಿಯೇ ತಡವಾದಂತೆ. ಸಂಜೆ ಹೊತ್ತಿಗೆ ಕೀ ಸತ್ತರೆ ಅಳುವಂತಾಗುತ್ತದೆ.

ಅಳಬೇಡಿ. ಲೋಹದ ಕೀ ಹೊರತೆಗೆದು ಚಾಲಕನ ಬಾಗಿಲು ತೆರೆಯಿರಿ. ಕೆಲವು ಕಾರುಗಳಲ್ಲಿ ಕೀ ರಂಧ್ರದ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದನ್ನು ಮೆಲ್ಲಗೆ ತೆಗೆಯಬೇಕು. ಬಾಗಿಲು ತೆರೆದಾಗ ಸೈರನ್ ಕೂಗಿಕೊಳ್ಳಬಹುದು. ಜನ ಕಳ್ಳನೆಂದುಕೊಂಡಾರು ಎಂದು ಹೆದರಬೇಡಿ, ಇಂಜಿನ್ ಚಾಲೂ ಆದರೆ ಸುಮ್ಮನಾಗುತ್ತದೆ. ಒಳಗೆ ಕೂತು ಬ್ರೇಕ್ ತುಳಿದು, ಸತ್ತ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ. ಸೆಲ್ ಬೇಡದ ಆ ಎರಡನೇ ಚಿಪ್ ಈಗ ಕೆಲಸಕ್ಕೆ ಬರುತ್ತದೆ. ಕೆಲವು ಕಾರುಗಳಲ್ಲಿ ಕೀ ಇಡಬೇಕಾದ ಜಾಗ ಬೇರೆ ಕಡೆ ಇರುತ್ತದೆ. ಅದೆಲ್ಲಿ ಎಂದು ಇಂದೇ ಪುಸ್ತಕ ತೆಗೆದು ನೋಡಿಟ್ಟುಕೊಳ್ಳಿ. ತಿರುಗಿಸಿ ಚಾಲೂ ಮಾಡುವ ಹಳೆಯ ಬಗೆಯ ಕೀಯಾದರೆ ತೊಂದರೆಯೇ ಇಲ್ಲ, ಎಂದಿನಂತೆ ಹಾಕಿ ತಿರುಗಿಸಿ.

ನುಂಗಿದರೆ ಬಾಳೆಹಣ್ಣು ಕೊಟ್ಟು ಕಾಯಬೇಡಿ

ಇನ್ನು ಮುಖ್ಯ ವಿಚಾರ. ಕೀಯಿಂದ ತೆಗೆದ ಸೆಲ್ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಂತಿದೆ. ಫಳಫಳ ಹೊಳೆಯುತ್ತದೆ. ಅಂಬೆಗಾಲಿಡುವ ಮಗುವಿಗೆ ಅದು ಆಟದ ಸಾಮಾನು, ಕೈಗೆ ಸಿಕ್ಕರೆ ನೇರ ಬಾಯಿಗೆ.

ಮಗು ನಾಣ್ಯ ನುಂಗಿದರೆ ಬಾಳೆಹಣ್ಣು ತಿನ್ನಿಸಿ, ಮರುದಿನ ಮಲದಲ್ಲಿ ಬರುತ್ತದೆ ಎಂದು ಕಾಯುವುದು ನಮ್ಮ ಹಳ್ಳಿಗಳ ರೂಢಿ. ಸೆಲ್ ವಿಷಯದಲ್ಲಿ ಈ ರೂಢಿ ಮಗುವಿನ ಪ್ರಾಣಕ್ಕೇ ಸಂಚಕಾರ ತರಬಹುದು. 20 ಮಿಲಿಮೀಟರ್ ಅಗಲದ ಸೆಲ್ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒದ್ದೆ ಮಾಂಸ ತಾಗಿದ ಕೂಡಲೇ ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಮೈನಸ್ ಮುಖದ ಬಳಿ ಪ್ರಬಲ ಕ್ಷಾರ ಹುಟ್ಟುತ್ತದೆ. ತಿರುಪ್ಪೂರಿನ ಡೈಯಿಂಗ್ ಘಟಕಗಳಲ್ಲಿ ದುಡಿದವರಿಗೆ ಕಾಸ್ಟಿಕ್ ಸೋಡಾ ಕೈಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಿಕೊಡಬೇಕಿಲ್ಲ. ಅದೇ ಸುಡುವಿಕೆ ಮಗುವಿನ ಗಂಟಲೊಳಗೆ ನಡೆಯುತ್ತದೆ. ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ಅನ್ನನಾಳ ತೂತಾಗಬಹುದು, ಪಕ್ಕದ ದೊಡ್ಡ ರಕ್ತನಾಳಕ್ಕೂ ಪೆಟ್ಟು ಬೀಳಬಹುದು.

‘ಸತ್ತ ಸೆಲ್ ಅಲ್ಲವೇ, ಅದರಲ್ಲೇನಿದೆ’ ಎನ್ನಬೇಡಿ. ಕಾರಿನ ಕೀ ನಡೆಸಲು ಸಾಲದಷ್ಟು ಶಕ್ತಿಯೂ ಮಗುವಿನ ಗಂಟಲು ಸುಡಲು ಬೇಕಾದಷ್ಟಾಯಿತು.

ಅಮೆರಿಕದ ಟೆಕ್ಸಾಸ್‌ನಲ್ಲಿ ರೀಸ್ ಹ್ಯಾಮ್‌ಸ್ಮಿತ್ ಎಂಬ ಒಂದೂವರೆ ವರ್ಷದ ಹೆಣ್ಣುಮಗು ರಿಮೋಟ್ ಒಂದರ ಬಟನ್ ಸೆಲ್ ನುಂಗಿ 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ತಾಯಿಯ ಹೋರಾಟದ ಫಲವಾಗಿ 2022ರಲ್ಲಿ ಅಲ್ಲಿ ‘ರೀಸ್ ಕಾನೂನು’ ಬಂತು. ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಲು ಬಾರದ ಸೆಲ್ ಗೂಡು, ಎಚ್ಚರಿಕೆಯ ಬರಹ ಇವು ಅಲ್ಲಿ ಕಡ್ಡಾಯವಾದವು. ಕಾನೂನಿಗೆ ಕಾಯದೆ ನಮ್ಮ ಮನೆಗಳಲ್ಲಿ ನಾವೇ ಜಾಗ್ರತೆ ವಹಿಸಬಹುದು.

ನುಂಗಿದ್ದನ್ನು ಯಾರೂ ನೋಡದೇ ಇರುವುದೇ ಹೆಚ್ಚು. ಮಗು ಜೊಲ್ಲು ಸುರಿಸುವುದು, ಕೆಮ್ಮುವುದು, ಊಟ ಬೇಡ ಎನ್ನುವುದು, ವಾಂತಿ, ಎದೆ ಹಿಡಿದುಕೊಂಡು ಅಳುವುದು, ಉಸಿರಾಟದ ತೊಂದರೆ ಕಂಡು, ಮನೆಯಲ್ಲಿ ಸೆಲ್ ಒಂದು ಕಾಣೆಯಾಗಿದ್ದರೆ ತಡ ಮಾಡಬೇಡಿ. ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಓಡಿ. ತಮಿಳುನಾಡಾಗಲಿ ಕರ್ನಾಟಕವಾಗಲಿ, ಆಂಬುಲೆನ್ಸ್ ನಂಬರು 108. ವೈದ್ಯರಿಗೆ ‘ಬಟನ್ ಬ್ಯಾಟರಿ’ ಎಂದೇ ಹೇಳಿ, ಗಡಿಯ ಎರಡೂ ಕಡೆ ಅರ್ಥವಾಗುವ ಮಾತು ಅದು. ಸಾಧ್ಯವಾದರೆ ಸೆಲ್‌ನ ಕವರನ್ನೋ ಅಂಥದೇ ಸೆಲ್ಲನ್ನೋ ಜತೆಗೊಯ್ಯಿರಿ. ಎಕ್ಸ್‌ರೇಯಲ್ಲಿ ಸೆಲ್‌ನ ಅಂಚು ಎರಡು ಬಳೆಯಂತೆ ಕಾಣುತ್ತದೆ, ನಾಣ್ಯ ಹಾಗೆ ಕಾಣುವುದಿಲ್ಲ.

ವಾಂತಿ ಮಾಡಿಸಬೇಡಿ. ಅನ್ನ, ಹಾಲು, ಬಾಳೆಹಣ್ಣು ಏನನ್ನೂ ಕೊಡಬೇಡಿ. ಒಂದೇ ಒಂದು ವಿನಾಯಿತಿ ಜೇನುತುಪ್ಪಕ್ಕೆ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಿದ್ದು, ಗುಟುಕರಿಸಲು ಆಗುತ್ತಿದ್ದರೆ ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು, ಹೆಚ್ಚೆಂದರೆ ಆರು ಸಲ ಕೊಡಬಹುದು ಎಂದು ತಜ್ಞರ ಸಲಹೆಯಿದೆ. ಜೇನು ಸೆಲ್‌ನ ಸುತ್ತ ಪದರವಾಗಿ ನಿಂತು ಸುಡುವುದನ್ನು ನಿಧಾನ ಮಾಡುತ್ತದೆ. ಅದು ಚಿಕಿತ್ಸೆ ಅಲ್ಲ, ಜೇನು ಹುಡುಕುತ್ತ ಮನೆಯಲ್ಲಿ ಐದು ನಿಮಿಷವನ್ನೂ ಕಳೆಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಮೂಗಿಗೆ, ಕಿವಿಗೆ ತುರುಕಿಕೊಂಡ ಸೆಲ್ ಕೂಡ ಇಷ್ಟೇ ತುರ್ತು.

ಎಲ್ಲಿ ಎಸೆಯಬೇಕು?

ಎರಡೂ ಮುಖಕ್ಕೆ ಟೇಪ್ ಅಂಟಿಸಿದ ಹಳೆಯ ಸೆಲ್ಲನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಅಟ್ಟದ ಮೇಲಿಡಿ. ಟೇಪ್ ಇಲ್ಲದೆ ಚಿಲ್ಲರೆ ಕಾಸಿನ ಜತೆ ಜೇಬಿಗೆ ಹಾಕಿಕೊಂಡರೆ ಶಾರ್ಟ್ ಆಗಿ ಬಿಸಿಯೇರಬಹುದು. ಕಸದ ಬುಟ್ಟಿಗೂ ಒಲೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಬೇರೆ ಕಸದೊಂದಿಗೆ ಬೆರೆಸುವಂತಿಲ್ಲ. ಸೆಲ್ ಕವರಿನ ಮೇಲಿರುವ, ಅಡ್ಡಗೆರೆ ಎಳೆದ ಕಸದ ಡಬ್ಬಿಯ ಗುರುತಿನ ಅರ್ಥವೂ ಅದೇ. ನಾಲ್ಕಾರು ಸೇರಿದಾಗ ಪೇಟೆಗೆ ಹೋಗುವ ದಿನ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ. ಹೊಸ ಸೆಲ್‌ಗಳನ್ನು ಹಾಕುವ ಗಳಿಗೆಯವರೆಗೂ ಕವರಿನಿಂದ ಬಿಚ್ಚಬೇಡಿ.

ಕೊನೆಗೊಂದು ಸುಲಭದ ಲೆಕ್ಕ. ಗಡಿಯ ಈಚೆಗೂ ಆಚೆಗೂ ಆಯುಧಪೂಜೆ ಒಂದೇ. ಅಂದು ಕಾರು ತೊಳೆದು ಕುಂಕುಮ ಇಡುವಾಗ ಕೀಯನ್ನೂ ನೆನಪಿಸಿಕೊಳ್ಳಿ. ಬೀರುವಿನಲ್ಲಿ ಮಲಗಿರುವ ಎರಡನೇ ಕೀ ಕೆಲಸ ಮಾಡುತ್ತದೆಯೇ ನೋಡಿ, ಎರಡು ವರ್ಷಕ್ಕೊಮ್ಮೆ ಎರಡಕ್ಕೂ ಹೊಸ ಸೆಲ್ ಹಾಕಿ. ಮುಹೂರ್ತದ ದಿನ ಕಾರಿನ ಎದುರು ನಿಂತು ಬೆವರುವುದು ತಪ್ಪುತ್ತದೆ. ಆದರೆ ನಿಂಬೆಹಣ್ಣು ಚಕ್ರದಡಿಗೆ ಇಡುವ ಮೊದಲು ತೆಗೆದ ಹಳೆಯ ಸೆಲ್ ಎರಡೂ ಡಬ್ಬಿಗೆ ಸೇರಿದವೇ ಎಂದು ಎಣಿಸಿಬಿಡಿ.